8 ಮಿಲಿಮೀಟರ್ ಸೈನಿಕನಿಗೆ ಕಣ್ಣು ಬರೆಯಬೇಕಾ?

ಪ್ರಶ್ನೆ: ನನಗೆ 46 ವರ್ಷ, ಊರು ಮಂಗಳೂರು. ಇಂಗ್ಲೆಂಡಿನಲ್ಲಿರುವ ತಮ್ಮ ಕಳೆದ ಸಲ ಬಂದಾಗ ಲೀಜನ್ಸ್ ಇಂಪೀರಿಯಾಲಿಸ್ ಅನ್ನುವ ಪುಟಾಣಿ ಬೊಂಬೆಗಳ ಯುದ್ಧದಾಟದ ಪೆಟ್ಟಿಗೆ ತಂದುಕೊಟ್ಟ. ಡಿಸೆಂಬರಿನಲ್ಲಿ ಮತ್ತೆ ಬರುತ್ತಾನೆ, ಅಷ್ಟರಲ್ಲಿ ನನ್ನ ಸೈನ್ಯ ಸಿದ್ಧವಾಗಬೇಕು. ಆ ಆಟದ ನೈಟ್ ಲಾರ್ಡ್ಸ್ ಪಡೆಯ ಬಣ್ಣ ಆರಿಸಿಕೊಂಡೆ. ಬಣ್ಣ ಹಿಡಿಯಲೆಂದು ಮೊದಲು ಕಪ್ಪು ಪ್ರೈಮರ್, ಅದರ ಮೇಲೆ ನೈಟ್ ಲಾರ್ಡ್ಸ್ ಬ್ಲೂ, ಮೇಲೆ ನುಲ್ನ್ ಆಯಿಲ್ ಅನ್ನುವ, ಸಂದಿಗಿಳಿಯುವ ತೆಳು ಕಪ್ಪು ವಾಶ್. ಆಮೇಲೆ ತೀರಾ ಸಣ್ಣ ಟ್ರಿಪಲ್ ಝೀರೋ ಬ್ರಷ್ ಹಿಡಿದು ಒಬ್ಬೊಬ್ಬನಿಗೂ ಕೆಂಪು ಕಣ್ಣು, ಭುಜಕ್ಕೆ ಕಂಚಿನ ಅಂಚು. ಸೈನಿಕರನ್ನು ನಿಲ್ಲಿಸುವ ಬಿಲ್ಲೆ, ಅಂದರೆ ಬೇಸ್, ಹತ್ತು ಮುಗಿಸಿದ್ದೇನೆ. ಕೈಯಲ್ಲಿ ಹಿಡಿದು ನೋಡಿದರೆ ಚೆನ್ನಾಗಿಯೇ ಇವೆ, ಮೇಜಿನ ಮೇಲಿಟ್ಟರೆ ಬರೀ ಕಪ್ಪು ಚುಕ್ಕೆಗಳು! ಬೇಸೂ ಕಪ್ಪು ಬೂದು. ಕಣ್ಣಿಗೆ ಚಾಳೀಸು ಬಂದಿದೆ, ತಲೆಗೆ ಕಟ್ಟುವ ಭೂತಗನ್ನಡಿ ತಗೊಳ್ಳಲಾ? ಕಾಂಟ್ರಾಸ್ಟ್ ಪೇಂಟ್ ಬಳಸಿದರೆ ಮೋಸ ಅಂತಾರೆ, ನಿಜವಾ? ಜುಲೈನಲ್ಲಿ ಸ್ಪ್ರೇ ಪ್ರೈಮರ್ ಹೊಡೆದ ಟ್ಯಾಂಕ್‌ಗಳ ಮೇಲೆ ಬೆಳ್ಳಗೆ ಏನೋ ಕೂತಿದೆ. ಎಲ್ಲ ಬಣ್ಣ ತೆಗೆದು ಮತ್ತೆ ಶುರು ಮಾಡಬೇಕಾ, ಅಥವಾ ಇದು ನನ್ನ ಕೈಲಾಗದ ಕೆಲಸ ಅಂತ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಕೇಳಿದ್ದು ನಾಲ್ಕು ಪ್ರಶ್ನೆ, ಆದರೆ ಒಳಗಿನ ಚಿಂತೆ ಒಂದೇ ಅಲ್ವಾ? ಇಷ್ಟು ಕಷ್ಟಪಟ್ಟರೂ ಯಾಕೆ ಕಾಣಿಸುತ್ತಿಲ್ಲ, ನನ್ನ ಕೈ ಸರಿ ಇಲ್ಲವಾ, ಕಣ್ಣು ಸರಿ ಇಲ್ಲವಾ ಅಂತ. ನೀವು ಕಳಿಸಿದ ಫೋಟೋ ನೋಡಿದೆ. ಕೈ ಸರಿಯಾಗಿಯೇ ಇದೆ. ಅಷ್ಟು ಚಿಕ್ಕ ಭುಜಕ್ಕೆ ಅಷ್ಟು ನೀಟಾಗಿ ಅಂಚು ಎಳೆಯುವವರು ಜಾಸ್ತಿ ಜನ ಇಲ್ಲ. ತೊಂದರೆ ಇರುವುದು ನೀವು ಆರಿಸಿದ ಬಣ್ಣ ಎಷ್ಟು ಕಪ್ಪು ಅನ್ನುವುದರಲ್ಲಿ. ಕಪ್ಪಿನ ಮೇಲೆ ಕಡುನೀಲಿ, ಅದರ ಮೇಲೆ ಮತ್ತೆ ಕಪ್ಪು ವಾಶ್, ಕೆಳಗೆ ಕಪ್ಪು ಬೇಸ್. ಇದನ್ನು ಯಾರೇ ಮಾಡಿದ್ದರೂ ಮೇಜಿನ ಮೇಲೆ ಹೀಗೇ ಕಾಣುತ್ತಿತ್ತು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ವಾರ್‌ಹ್ಯಾಮರ್ ಮಾಡುವ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1988ರಲ್ಲಿ ಅಡೆಪ್ಟಸ್ ಟೈಟಾನಿಕಸ್ ಅಂತ ಒಂದು ಆಟ ತಂದಿತು. ದೈತ್ಯ ರೋಬಾಟ್‌ಗಳ ಯುದ್ಧ. ಮರುವರ್ಷ ಅದಕ್ಕೆ ಪುಟಾಣಿ ಕಾಲಾಳು, ಟ್ಯಾಂಕ್ ಎಲ್ಲ ಸೇರಿದವು. ಎಪಿಕ್ ಅನ್ನುವ ಹೆಸರು ಅಂಟಿಕೊಂಡಿದ್ದು ಆ ಸಾಲಿನ ಆಟಗಳಿಗೆ. ಆಗ ಸೈನಿಕ ಸುಮಾರು 6 ಮಿ.ಮೀ. ಎತ್ತರ. 2023ರ ಕೊನೆಯಲ್ಲಿ ಬಂದ ಲೀಜನ್ಸ್ ಇಂಪೀರಿಯಾಲಿಸ್‌ನಲ್ಲಿ ಸುಮಾರು 8 ಮಿ.ಮೀ. 25 ಮಿ.ಮೀ. ಅಗಲದ ಒಂದು ದುಂಡು ಬೇಸಿನ ಮೇಲೆ ಐದು ಜನ ನಿಲ್ಲುತ್ತಾರೆ. ಮಾಮೂಲಿ ವಾರ್‌ಹ್ಯಾಮರ್ ಸೈನಿಕನ ಕಾಲು ಭಾಗದಷ್ಟು ಎತ್ತರ ಅಂದುಕೊಳ್ಳಿ.

ಈಗ ಒಂದು ಸಣ್ಣ ಲೆಕ್ಕ. ಮೇಜಿನ ಪಕ್ಕ ನಿಂತಾಗ ನಿಮ್ಮ ಕಣ್ಣಿಗೂ ಬೊಂಬೆಗೂ ಸುಮಾರು 75 ಸೆಂ.ಮೀ. ದೂರ. ಅಷ್ಟು ದೂರದಲ್ಲಿ 8 ಮಿ.ಮೀ. ಬೊಂಬೆ ಎಷ್ಟು ದೊಡ್ಡದಾಗಿ ಕಾಣುತ್ತದೋ, 170 ಮೀಟರ್ ಆಚೆ ನಿಂತ ಆರಡಿ ಮನುಷ್ಯನೂ ಅಷ್ಟೇ ದೊಡ್ಡದಾಗಿ ಕಾಣುತ್ತಾನೆ. ನಾಲ್ಕಡಿ ಮೇಜಿನ ಆಚೆ ತುದಿಯಲ್ಲಿರುವ ಬೊಂಬೆಯಾದರೆ 270 ಮೀಟರ್. ಅಷ್ಟು ದೂರದ ಮನುಷ್ಯನ ಕಣ್ಣು ನಮಗೆ ಕಾಣುತ್ತದಾ? ಶರ್ಟಿನ ಬಣ್ಣ ಕಾಣುತ್ತದೆ. ಪಂಚೆ ಉಟ್ಟಿದ್ದಾನಾ ಪ್ಯಾಂಟ್ ಹಾಕಿದ್ದಾನಾ ಅಂತ ಗೊತ್ತಾಗುತ್ತದೆ, ಹಿಂದಿನ ಗೋಡೆ ಬೆಳ್ಳಗಿದ್ದರೆ ಆಕಾರವೂ ಸ್ಪಷ್ಟ. ಅಲ್ಲಿಗೆ ಮುಗಿಯಿತು. ಇನ್ನೊಂದು ರೀತಿ ಹೇಳುವುದಾದರೆ, ಒಳ್ಳೆಯ ಕಣ್ಣು 75 ಸೆಂ.ಮೀ. ದೂರದಿಂದ ಬೇರೆಬೇರೆಯಾಗಿ ಗುರುತಿಸಬಲ್ಲ ಅತಿ ಚಿಕ್ಕ ಅಂತರ ಸುಮಾರು 0.2 ಮಿ.ಮೀ. ನೀವು ಬರೆಯುತ್ತಿರುವ ಕಣ್ಣಿನ ಗಾತ್ರವೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ನೋಟದ ಅಂಚಿನಲ್ಲಿ ಕೆಲಸ ಮಾಡುತ್ತಿದ್ದೀರಿ, ಕಾಣದಿದ್ದರೆ ಅದು ಚಾಳೀಸಿನ ತಪ್ಪಲ್ಲ.

ಇನ್ನೊಂದು ವಿಷಯವೂ ಸೇರಿಕೊಳ್ಳುತ್ತದೆ. ಅದೇ ಡಬ್ಬಿಯ ಅದೇ ಬಣ್ಣ ದೊಡ್ಡ ಬೊಂಬೆಯ ಮೇಲೆ ಒಂದು ಥರ, ಚಿಕ್ಕದರ ಮೇಲೆ ಇನ್ನೊಂದು ಥರ. ಚಿಕ್ಕದರ ಮೇಲೆ ಯಾವಾಗಲೂ ಕಪ್ಪಾಗಿಯೇ ಕಾಣುತ್ತದೆ. ಬೆಳಕು ಬೀಳುವ ಜಾಗ ಕಡಿಮೆ, ಸಂದುಗಳ ನೆರಳೇ ಜಾಸ್ತಿ, ದೂರದಿಂದ ಎರಡೂ ಕಲಸಿ ಒಂದಾಗುತ್ತವೆ. ಅದಕ್ಕೇ ಈ ಗಾತ್ರದಲ್ಲಿ ಬಣ್ಣವನ್ನು ಒಂದೆರಡು ಮೆಟ್ಟಿಲು ತಿಳಿಯಾಗಿ ಹಚ್ಚಬೇಕು, ಬಣ್ಣದ ರಂಗೂ ಸ್ವಲ್ಪ ಜಾಸ್ತಿ ಇರಬೇಕು, ಬೆಳಕು ನೆರಳಿನ ವ್ಯತ್ಯಾಸ ಹತ್ತಿರದಿಂದ ನೋಡಿದಾಗ 'ಇದ್ಯಾಕೋ ಅತಿಯಾಯಿತು' ಅನ್ನಿಸುವಷ್ಟು ಎದ್ದಿರಬೇಕು. ಇದು ವೈಜ್ಞಾನಿಕ ಕಾಲ್ಪನಿಕ ಆಟದವರು ಕಂಡುಹಿಡಿದದ್ದೇನಲ್ಲ. ಅಮೆರಿಕದ ಜಿಎಚ್‌ಕ್ಯು ಕಂಪನಿ 1967ರಿಂದ 1/285 ಅಳತೆಯ ಟ್ಯಾಂಕ್ ಮಾಡುತ್ತಾ ಬಂದಿದೆ, ಎರಡನೇ ಮಹಾಯುದ್ಧ ಆಡುವವರು ಆ ಟ್ಯಾಂಕ್‌ಗಳಿಗೆ ನಿಜವಾದ ಮಿಲಿಟರಿ ಹಸಿರಿಗಿಂತ ತಿಳಿ ಹಸಿರು ಹಚ್ಚುತ್ತಾ ಬಂದದ್ದು ಇದೇ ಕಾರಣಕ್ಕೆ.

ನಿಮ್ಮ ಕಡೆಯವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷವನ್ನು, ವೇಷ ಕಟ್ಟುವ ಚೌಕಿಯಲ್ಲಿ ಹತ್ತಿರದಿಂದ ನೋಡಿದ್ದೀರಲ್ಲ, ಅಕ್ಕಿಹಿಟ್ಟಿನ ಚುಟ್ಟಿ ಮುಳ್ಳುಮುಳ್ಳಾಗಿ ನಿಂತಿರುತ್ತದೆ, ಗೆರೆಗಳು ದಪ್ಪ ದಪ್ಪ, ನಾಜೂಕು ಅನ್ನುವುದೇ ಇಲ್ಲ. ಅದೇ ಮುಖ ರಂಗಸ್ಥಳಕ್ಕೆ ಬಂದರೆ ಕೊನೇ ಸಾಲಿನವನಿಗೂ ರಾಕ್ಷಸ ಅಂತ ಗೊತ್ತಾಗುತ್ತದೆ. ಬಣ್ಣ ಹಚ್ಚುವವರಿಗೆ ನೋಡುವವನು ಎಲ್ಲಿ ಕೂತಿದ್ದಾನೆ ಅನ್ನುವುದು ಗೊತ್ತು. ನೀವು ಇಲ್ಲಿಯವರೆಗೆ ಚೌಕಿಯಲ್ಲಿ ಕೂತವನಿಗಾಗಿ ಪೇಂಟ್ ಮಾಡಿದ್ದೀರಿ.

ಭೂತಗನ್ನಡಿಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. ತಗೊಳ್ಳಿ, ಆದರೆ ಬಿಡಿಭಾಗ ಅಂಟಿಸುವುದಕ್ಕೆ, ಅಚ್ಚಿನ ಗೆರೆ ಕೆರೆಯುವುದಕ್ಕೆ ಮಾತ್ರ. ಪೇಂಟ್ ಮಾಡುವಾಗ ಹಾಕಿಕೊಂಡರೆ ಕೈ ತಾನಾಗೇ ಇಲ್ಲದ ವಿವರ ಹುಡುಕಿಕೊಂಡು ಹೋಗುತ್ತದೆ, ಬೆಲ್ಟಿನ ಬಕಲ್‌ಗೆ ಚಿನ್ನ ಹಚ್ಚೋಣ ಅನ್ನಿಸುತ್ತದೆ, ಒಂದು ಸಂಜೆ ಒಂದೇ ಬೇಸಿನಲ್ಲಿ ಕಳೆದುಹೋಗುತ್ತದೆ. ನಿಮ್ಮ ಓದುವ ಕನ್ನಡಕವೇ ಸಾಕು. ಆ ದುಡ್ಡನ್ನು ಒಂದು ಒಳ್ಳೆ ಟೇಬಲ್ ಲ್ಯಾಂಪಿಗೆ ಹಾಕಿ. ಹಗಲಿನಂತೆ ಬೆಳ್ಳನೆಯ ಬೆಳಕು, 5000 ಕೆಲ್ವಿನ್ ಆಸುಪಾಸು, ಸಿಆರ್‌ಐ, ಅಂದರೆ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ, 90ಕ್ಕಿಂತ ಮೇಲೆ ಇರುವಂಥದ್ದು. ಹಳದಿ ಬಲ್ಬಿನ ಕೆಳಗೆ ಕಡುನೀಲಿಯೂ ಕಪ್ಪೂ ಒಂದೇ.

ಟ್ರಿಪಲ್ ಝೀರೋ ಬ್ರಷ್ಷಿನ ನಂಬಿಕೆಯೂ ಹಾಗೇ. ಚಿಕ್ಕ ಬೊಂಬೆಗೆ ಚಿಕ್ಕ ಬ್ರಷ್ ಅನ್ನುವುದು ತರ್ಕಕ್ಕೆ ಸರಿ ಅನ್ನಿಸುತ್ತದೆ, ಕೆಲಸದಲ್ಲಿ ತಪ್ಪು. ಅಷ್ಟು ಸಣ್ಣ ಬ್ರಷ್ಷಿನ ಹೊಟ್ಟೆಯಲ್ಲಿ ಬಣ್ಣವೇ ನಿಲ್ಲುವುದಿಲ್ಲ, ತಟ್ಟೆಯಿಂದ ಬೊಂಬೆಗೆ ತರುವಷ್ಟರಲ್ಲಿ, ಅದರಲ್ಲೂ ಮೇಲೆ ಫ್ಯಾನ್ ತಿರುಗುತ್ತಿದ್ದರೆ, ತುದಿಯಲ್ಲೇ ಒಣಗುತ್ತದೆ. ಆಮೇಲೆ ಒತ್ತಿ ಎಳೆಯುತ್ತೀರಿ, ತುದಿ ಕವಲಾಗುತ್ತದೆ. ಒಂದನೇ ನಂಬರಿನ ದುಂಡು ಬ್ರಷ್, ತುದಿ ಸೂಜಿಯಂತೆ ಕೂಡಿಕೊಳ್ಳುವಂಥದ್ದು ಒಂದಿದ್ದರೆ ಕಾಲಾಳಿನ ಕೆಲಸ ಬಹುತೇಕ ಮುಗಿಯುತ್ತದೆ. ಜೊತೆಗೆ ಡ್ರೈಬ್ರಷ್ ಮಾಡಲು, ಅಂದರೆ ಬಹುತೇಕ ಒಣಗಿದ ಬ್ರಷ್ಷಿನಿಂದ ಉಬ್ಬಿದ ಕಡೆಗಷ್ಟೇ ಬಣ್ಣ ಸವರಲು, ಮೇಕಪ್‌ನ ದುಂಡನೆಯ ಮೆತ್ತನೆ ಬ್ರಷ್. ಬ್ಯೂಟಿ ಪಾರ್ಲರ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ.

ಕಾಂಟ್ರಾಸ್ಟ್ ಪೇಂಟ್ ಮೋಸವಾ? ಈ ಪ್ರಶ್ನೆ ನನಗೆ ವಾರಕ್ಕೊಮ್ಮೆ ಬರುತ್ತದೆ. ನಾನು ದುಡ್ಡು ತಗೊಂಡು ಬೇರೆಯವರ ಸೈನ್ಯ ಪೇಂಟ್ ಮಾಡಿಕೊಡುವವನು, ನನ್ನ ಕಪಾಟಿನಲ್ಲಿ ಅರ್ಧಕ್ಕೂ ಜಾಸ್ತಿ ಅದೇ ಜಾತಿಯ ಬಾಟಲ್‌ಗಳು. ಗೇಮ್ಸ್ ವರ್ಕ್‌ಶಾಪ್ 2019ರಲ್ಲಿ ಕಾಂಟ್ರಾಸ್ಟ್ ತಂದಾಗ ಹಳಬರು ಮೂಗು ಮುರಿದದ್ದು ನಿಜ. ಆಮೇಲೆ ಆರ್ಮಿ ಪೇಂಟರ್‌ನವರು ಸ್ಪೀಡ್‌ಪೇಂಟ್ ತಂದರು, ವ್ಯಾಲೆಹೋದವರು ಎಕ್ಸ್‌ಪ್ರೆಸ್ ಕಲರ್ ತಂದರು, ಗಲಾಟೆ ತಣ್ಣಗಾಯಿತು. ಈ ಪೇಂಟಿನಲ್ಲಿ ಮಂತ್ರ ಏನೂ ಇಲ್ಲ. ತೆಳ್ಳಗಿನ ಪಾರದರ್ಶಕ ಬಣ್ಣ, ಉಬ್ಬಿದ ಕಡೆಯಿಂದ ಜಾರಿ ತಗ್ಗಿಗೆ ಇಳಿಯುತ್ತದೆ, ಉಬ್ಬು ತಿಳಿಯಾಗಿ ಉಳಿಯುತ್ತದೆ, ತಗ್ಗು ಕಡುವಾಗುತ್ತದೆ. ಬಣ್ಣ, ನೆರಳು ಎರಡೂ ಒಂದೇ ಕೈಯಲ್ಲಿ. 8 ಮಿ.ಮೀ. ಸೈನಿಕನಿಗೆ ಇದಕ್ಕಿಂತ ಬೇರೆ ಬೇಕಾ?

ಆದರೆ ಇದಕ್ಕೂ ಮಿತಿ ಇದೆ. ಪಾರದರ್ಶಕವಾದ್ದರಿಂದ ಕೆಳಗೆ ಬಿಳಿಯೋ ತಿಳಿ ಬೂದಿಯೋ ಇರಲೇಬೇಕು. ಕಪ್ಪು ಪ್ರೈಮರ್ ಮೇಲೆ ಹಾಕಿದರೆ ಒದ್ದೆಯಾದ ಹಾಗೆ ಕಾಣುತ್ತದೆ, ಅಷ್ಟೇ. ಟ್ಯಾಂಕಿನ ಚಪ್ಪಟೆ ಪಕ್ಕಗಳ ಮೇಲೆ ಅಲ್ಲಲ್ಲಿ ನಿಂತು ಕಲೆಕಲೆಯಾಗಿ ಒಣಗುತ್ತದೆ, ಆದ್ದರಿಂದ ಟ್ಯಾಂಕಿಗೆ ಮಾಮೂಲಿ ಪೇಂಟೇ ಸರಿ. ಸೆಕೆಂಡ್ ಹ್ಯಾಂಡಿನಲ್ಲಿ ಯಾರಾದರೂ ಸ್ಪೀಡ್‌ಪೇಂಟಿನ ಮೊದಲ ಆವೃತ್ತಿ ಕೊಟ್ಟರೆ ಹುಷಾರು, ಅದು ಒಣಗಿದ ಮೇಲೂ ಒದ್ದೆ ಬ್ರಷ್ ತಾಗಿದರೆ ಕರಗಿ ಮೇಲಿನ ಬಣ್ಣಕ್ಕೆ ಸೇರಿಕೊಳ್ಳುತ್ತಿತ್ತು. 2023ರ ಎರಡನೇ ಆವೃತ್ತಿಯಲ್ಲಿ ಆ ಕಾಟ ಇಲ್ಲ.

ಈಗ ಬಿಳಿ ಕೂತ ಟ್ಯಾಂಕ್‌ಗಳು. ಸ್ಪ್ರೇ ಹಾಳಾಗುವುದು ಎರಡು ಥರ, ಜನ ಎರಡನ್ನೂ ಕಲಸಿ 'ಮಳೆಗಾಲದ ತೊಂದರೆ' ಅಂದುಬಿಡುತ್ತಾರೆ. ಬೆರಳಿನಿಂದ ಸವರಿ ನೋಡಿ. ಉಪ್ಪುಕಾಗದದ ಹಾಗೆ ತರಿತರಿ ಇದ್ದರೆ ಅದು ದೂರದಿಂದ ಹೊಡೆದದ್ದು. ಹನಿಗಳು ಗಾಳಿಯಲ್ಲೇ ಅರ್ಧ ಒಣಗಿ ಪುಡಿಯಾಗಿ ಬಂದು ಕೂತಿವೆ. ಇದು ಬಿಸಿಲಿನಲ್ಲೂ ಆಗುತ್ತದೆ, ಏಪ್ರಿಲ್‌ನ ಸೆಕೆಯಲ್ಲಂತೂ ಜಾಸ್ತಿ. ನುಣ್ಣಗಿದ್ದು ಬರೀ ಹಾಲು ಚೆಲ್ಲಿದ ಹಾಗೆ ಮಬ್ಬಾಗಿದ್ದರೆ ಅದು ತೇವದ ಕೆಲಸ. ಸ್ಪ್ರೇಯಲ್ಲಿನ ದ್ರಾವಕ ವೇಗವಾಗಿ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಸಣ್ಣ ಹನಿಯಾಗಿ ಕೂರುತ್ತದೆ, ಪೇಂಟಿನೊಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಜುಲೈನಲ್ಲಿ ಮಂಗಳೂರಿನ ಗಾಳಿ ಹೇಗಿರುತ್ತದೆ ಅಂತ ನಾನು ನಿಮಗೆ ಹೇಳಬೇಕಾ! ಒಗೆದ ಬಟ್ಟೆ ಎರಡು ದಿನವಾದರೂ ಒಣಗದ ಕಡೆ ಸ್ಪ್ರೇ ಪ್ರೈಮರ್ ಹೊಡೆಯುವುದು ಜೂಜು.

ಮಬ್ಬು ಮಾತ್ರ ಆಗಿದ್ದರೆ ಚಿಂತೆ ಬಿಡಿ, ಮೇಲೆ ಪೇಂಟ್ ಬಿದ್ದರೆ ಮುಚ್ಚಿಹೋಗುತ್ತದೆ. ತರಿಯಾಗಿದ್ದರೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಒಣಗಿದಂತೆಯೇ ಉಜ್ಜಿ ನೋಡಿ, ಸ್ವಲ್ಪ ಹೋಗುತ್ತದೆ. ಹೋಗದಿದ್ದರೆ ಆ ಟ್ಯಾಂಕ್‌ಗಳ ಬಣ್ಣ ತೆಗೆಯಬೇಕು, ಯಾಕೆಂದರೆ ಈ ಅಳತೆಯಲ್ಲಿ ಒಂದು ತರಿ ಅಂದರೆ ಟ್ಯಾಂಕಿನ ಮೇಲೆ ಕೂತ ತೆಂಗಿನಕಾಯಿಯಷ್ಟು.

ಮುಂದಕ್ಕೆ ಪ್ರೈಮರ್ ಹೇಗೆ? ಮಳೆಗಾಲ ಇರುವವರೆಗೆ ಬ್ರಷ್ಷಿನಲ್ಲಿ ಹಚ್ಚುವ ಪ್ರೈಮರ್ ಬಳಸಿ. ವ್ಯಾಲೆಹೋದ ಸರ್ಫೇಸ್ ಪ್ರೈಮರ್ ಇದೆ, ಪಾಲಿಯುರೆಥೇನ್ ಆಧಾರದ್ದು, ವಾಸನೆ ಕಡಿಮೆ, ಮನೆಯೊಳಗೆ ಹಚ್ಚಬಹುದು. ಒಂದೇ ದಪ್ಪ ಕೋಟ್ ಹಾಕಿದರೆ ಸಂದು ತುಂಬಿಹೋಗುತ್ತದೆ, ತೆಳ್ಳಗೆ ಎರಡು ಸಲ, ತಗ್ಗಿನಲ್ಲಿ ನಿಂತದ್ದನ್ನು ಬ್ರಷ್ಷಿನಿಂದಲೇ ಹೀರಿಕೊಳ್ಳಿ. ಆಮೇಲೆ ಒಂದು ಪೂರ್ತಿ ದಿನ ಮುಟ್ಟಬೇಡಿ, ನಿಮ್ಮಲ್ಲಿ ಎರಡು ದಿನ ಅಂತಲೇ ಇಟ್ಟುಕೊಳ್ಳಿ. ಅದು ಪೂರ್ತಿ ಗಟ್ಟಿಯಾಗುವ ಮೊದಲು ಉಗುರು ತಾಗಿದರೆ ಸಿಪ್ಪೆಯಂತೆ ಎದ್ದುಬರುತ್ತದೆ. ಏರ್‌ಬ್ರಷ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಈ ಒಂದು ಸೈನ್ಯಕ್ಕೋಸ್ಕರ ಕಂಪ್ರೆಸರ್ ಸಮೇತ ತಗೊಳ್ಳಿ ಅಂತ ನಾನು ಹೇಳಲಾರೆ, ಪೇಂಟ್ ಮಾಡುವುದಕ್ಕಿಂತ ಅದನ್ನು ತೊಳೆಯುವುದರಲ್ಲೇ ಹೊತ್ತು ಹೋಗುತ್ತದೆ. ಸ್ಪ್ರೇಯೇ ಬೇಕು ಅಂದರೆ ಡಿಸೆಂಬರ್, ಜನವರಿಯ ಒಣ ದಿನ ನೋಡಿ. ಕ್ಯಾನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತಿಡಿ, ಬಿಸಿ ನೀರಲ್ಲಿ ಬೇಡ, ಸಿಡಿಯುತ್ತದೆ. 20ರಿಂದ 30 ಸೆಂ.ಮೀ. ದೂರ, ಸಣ್ಣ ಸಣ್ಣ ಬೀಸು, ಮೂಗಿಗೆ ರಾಸಾಯನಿಕ ಆವಿ ತಡೆಯುವ ಮಾಸ್ಕ್, ಹತ್ತಿರ ಗ್ಯಾಸ್ ಒಲೆಯೋ ದೇವರ ದೀಪವೋ ಇರಬಾರದು.

ಹಾರ್ಡ್‌ವೇರ್ ಅಂಗಡಿಯ ಕಾರಿನ ಪ್ರೈಮರ್ ಅಗ್ಗ ಅಂತ ಕೆಲವರು ಹೇಳುತ್ತಾರೆ. ದೊಡ್ಡ ಬೊಂಬೆಗೆ ನಡೆದೀತು. ಗೀರು ತುಂಬಲೆಂದೇ ಮಾಡಿದ ದಪ್ಪ ಪೇಂಟ್ ಅದು, ನಿಮ್ಮ ಸೈನಿಕನ ಮುಖವೇ ಒಂದು ಗೀರಿನಷ್ಟಿದೆ. ಅದರ ಥಿನ್ನರ್ ಕೆಲವು ಸಲ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ. ಬೇಡ.

ಮುಗಿಸಿದ ಹತ್ತು ಬೇಸ್‌ಗಳಿಗೆ ಬರೋಣ. ಬಣ್ಣ ತೆಗೆಯಬೇಕಾ? ನನ್ನ ಸಲಹೆ, ಬೇಡ. ಮೊದಲು ಡ್ರೈಬ್ರಷ್ ಮಾಡಿ ನೋಡಿ. ಕ್ಯಾಲ್ಗರ್ ಬ್ಲೂ ಅಂತ ತಿಳಿನೀಲಿ ಇದೆ, ಅದನ್ನು ಮೇಕಪ್ ಬ್ರಷ್ಷಿಗೆ ತಗೊಂಡು, ಹಳೇ ಬಟ್ಟೆಗೆ ಒರೆಸಿ ಒರೆಸಿ ಬಹುತೇಕ ಖಾಲಿ ಮಾಡಿ, ತಲೆಯಿಂದ ಕೆಳಕ್ಕೆ ಹಗುರವಾಗಿ ಸವರಿ. ಬ್ರಷ್ ಪಕ್ಕದಿಂದ ಬರಬಾರದು, ಮೇಲಿನಿಂದ ಮಾತ್ರ. ಹೆಲ್ಮೆಟ್ಟಿನ ನೆತ್ತಿ, ಭುಜದ ಮೇಲ್ಭಾಗ, ಬೆನ್ನ ಮೇಲಿನ ಪ್ಯಾಕಿನ ತುದಿ, ಇಷ್ಟು ಬೆಳಗಬೇಕು. ಆಮೇಲೆ ಇನ್ನೂ ತಿಳಿಯಾದ ಫೆನ್ರಿಸಿಯನ್ ಗ್ರೇಯನ್ನು ನೆತ್ತಿಗೂ ಭುಜಕ್ಕೂ ಮಾತ್ರ ಒಂದು ಸವರು. ನೀವು ಕಷ್ಟಪಟ್ಟು ಎಳೆದ ಕಂಚಿನ ಅಂಚು ಸ್ವಲ್ಪ ಮಾಸುತ್ತದೆ, ಅದು ಇದರ ನಷ್ಟ. ಬ್ರಷ್‌ನಲ್ಲಿ ಪೇಂಟ್ ಜಾಸ್ತಿ ಉಳಿದಿದ್ದರೆ ಸುಣ್ಣ ಬಳಿದ ಹಾಗೆ ಪುಡಿಪುಡಿಯಾಗುವ ಅಪಾಯವೂ ಇದೆ. ಒಂದು ಬೇಸಿನ ಮೇಲೆ ಮಾಡಿ, ಮೇಜಿನ ಮೇಲಿಟ್ಟು, ಎದ್ದು ನಿಂತು ನೋಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಕಪ್ಪು ಬಿಳುಪು ಫಿಲ್ಟರ್ ಹಾಕಿ. ಅದರಲ್ಲಿ ಸೈನಿಕರೂ ಬೇಸೂ ಬೇರೆಬೇರೆಯಾಗಿ ಕಂಡರೆ ಸರಿಯಾಯಿತು, ಕಲಸಿಹೋಗಿದ್ದರೆ ಇನ್ನೂ ತಿಳಿ ಬೇಕು. ಈ ಫಿಲ್ಟರ್‌ಗಿಂತ ನಿಯತ್ತಿನ ವಿಮರ್ಶಕ ನನಗೆ ಸಿಕ್ಕಿಲ್ಲ.

ಅಷ್ಟಾದರೂ ಸಮಾಧಾನ ಆಗದಿದ್ದರೆ, ಅಥವಾ ಆ ತರಿ ಬಿದ್ದ ಟ್ಯಾಂಕ್‌ಗಳಿಗೆ, ಬಣ್ಣ ತೆಗೆಯುವ ದಾರಿ. ಬ್ರಿಟನ್ನಿನ ಹಳೇ ಆಟಗಾರರು ಬಳಸುತ್ತಿದ್ದ ವಸ್ತು ನಿಮ್ಮ ಮನೆಯಲ್ಲೇ ಇರುತ್ತದೆ: ಡೆಟಾಲ್. ಗಾಯಕ್ಕೆ ಹಾಕುವ ಅದೇ ಕಂದು ದ್ರವ. ನೀರು ಬೆರೆಸದೆ ಗಾಜಿನ ಬಾಟಲಿಯಲ್ಲಿ ಹಾಕಿ ಬೊಂಬೆ ಮುಳುಗಿಸಿ ಒಂದು ದಿನ ಇಟ್ಟರೆ ಅಕ್ರಿಲಿಕ್ ಮೆತ್ತಗಾಗುತ್ತದೆ. ತೆಗೆದ ಕೂಡಲೇ ನಲ್ಲಿ ಕೆಳಗೆ ಹಿಡಿಯಬೇಡಿ. ನೀರು ತಾಗಿದರೆ ಆ ಪೇಂಟೆಲ್ಲ ಅಂಟು ಗಸಿಯಾಗಿ ಸಂದಿನಲ್ಲಿ ಕೂರುತ್ತದೆ, ಆಮೇಲೆ ಕೀಳುವುದು ನರಕ. ಡೆಟಾಲಿನಲ್ಲೇ ಅದ್ದಿ ಅದ್ದಿ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಹೋದ ಮೇಲೆ ಪಾತ್ರೆ ತೊಳೆಯುವ ಸೋಪು, ಕೊನೆಗೆ ನೀರು. ಕೈಗೆ ಗ್ಲೌಸ್ ಇರಲಿ, ನೀರು ಬೆರೆಸದ ಡೆಟಾಲ್ ಚರ್ಮ ಸುಡುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಆ ಬಾಟಲಿ ಅದಕ್ಕೆ ಸಿಗದ ಹಾಗೆ ಇಡಿ, ಬೆಕ್ಕಿಗೆ ಅದು ವಿಷ. ವಾಸನೆ ಬೇಡ ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಕೂಡ ಆಗುತ್ತದೆ, ಆದರೆ ಬೆಂಕಿಯಿಂದ ದೂರ. ಉಗುರಿನ ಬಣ್ಣ ತೆಗೆಯುವ ಅಸಿಟೋನ್ ಮಾತ್ರ ಮುಟ್ಟಲೇಬೇಡಿ, ನಿಮ್ಮ ಟ್ಯಾಂಕೇ ಕರಗಿಹೋಗುತ್ತದೆ. ಯಾವುದೇ ಆಗಲಿ, ಮೊದಲು ಒಂದೇ ಒಂದು ಬೊಂಬೆ ಹಾಕಿ ನೋಡಿ. ತಮ್ಮ ತ್ರೀಡಿ ಪ್ರಿಂಟ್ ಮಾಡಿದ ರೆಸಿನ್ ಬೊಂಬೆಗಳನ್ನು ಸೇರಿಸಿದ್ದರೆ ಅವನ್ನು ಇಷ್ಟು ಹೊತ್ತು ನೆನೆಸಬೇಡಿ, ರೆಸಿನ್ ಮೆತ್ತಗಾಗಬಹುದು.

ಉಳಿದ ಸೈನ್ಯಕ್ಕೆ ನಾನಾದರೆ ಹೀಗೆ ಮಾಡುತ್ತೇನೆ. ಸೈನಿಕರನ್ನು ಬೇಸಿಗೆ ಅಂಟಿಸದೆ, ಐಸ್‌ಕ್ರೀಂ ಕಡ್ಡಿಗೆ ಸಾಲಾಗಿ ತಾತ್ಕಾಲಿಕವಾಗಿ ಅಂಟಿಸಿ. ತಿಳಿ ಬೂದು ಪ್ರೈಮರ್. ಒಣಗಿದ ಮೇಲೆ ಮೇಲಿನಿಂದ ಬಿಳಿ ಡ್ರೈಬ್ರಷ್. ಈಗ ಲೆವಿಯಾಡನ್ ಬ್ಲೂ ಅನ್ನುವ ಕಾಂಟ್ರಾಸ್ಟ್ ಪೇಂಟಿಗೆ ಅಷ್ಟೇ ಪ್ರಮಾಣದ ಕಾಂಟ್ರಾಸ್ಟ್ ಮೀಡಿಯಂ (ಅದನ್ನು ತಿಳಿಯಾಗಿಸುವ ಬಣ್ಣವಿಲ್ಲದ ದ್ರವ) ಬೆರೆಸಿ ಇಡೀ ಮೈಗೆ. ನೀರು ಬೆರೆಸಿದರೆ ಒಡೆದು ಕಲೆಯಾಗುತ್ತದೆ, ಮೀಡಿಯಂ ಬೇಕು. ಬೆರೆಸದೆ ಹಾಕಿದರೆ ಮತ್ತೆ ನಿಮ್ಮ ಹಳೇ ಕಪ್ಪಿಗೇ ವಾಪಸ್. ಒಣಗಲು ಬಿಟ್ಟು, ಕ್ಯಾಲ್ಗರ್ ಬ್ಲೂ ಹಗುರ ಡ್ರೈಬ್ರಷ್. ಬಂದೂಕಿಗೆ ಲೆಡ್‌ಬೆಲ್ಚರ್ ಅನ್ನುವ ಲೋಹದ ಬಣ್ಣ ಒಂದು ಎಳೆ. ಕಂಚು? ಭುಜದ ಸುತ್ತ ಅಂಚು ಬೇಡ, ಭುಜದ ಮಧ್ಯಕ್ಕೆ ಒಂದು ಚುಕ್ಕೆ. ಕಣ್ಣು ಬಿಡಲಾರೆ ಅಂದರೆ ಎರಡು ಕಣ್ಣು ಬೇಡ, ಮುಖಕ್ಕೆ ಅಡ್ಡಲಾಗಿ ವೈಲ್ಡ್ ರೈಡರ್ ರೆಡ್‌ನ ಒಂದೇ ಗೀಟು. ಅದು ದೂರದಿಂದ ಎರಡು ಕಣ್ಣಾಗಿಯೇ ಕಾಣುತ್ತದೆ. ಪ್ರತಿ ಬೇಸಿನಲ್ಲಿ ಮುಂದೆ ನಿಂತ ನಾಯಕನಿಗೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೊಡಿ. ನೋಡುವವರ ಕಣ್ಣು ಅವನ ಮೇಲೆ ಬಿದ್ದು ಉಳಿದ ನಾಲ್ವರಿಗೂ ಅದೇ ಮರ್ಯಾದೆ ಕೊಡುತ್ತದೆ.

ನೈಟ್ ಲಾರ್ಡ್ಸ್ ಅಂದರೆ ಮೈಮೇಲೆ ಮಿಂಚಿನ ಗೆರೆ ಇರಲೇಬೇಕಲ್ಲ ಅಂತ ನೀವು ಕೇಳುತ್ತೀರಿ. ಕಾಲಾಳಿಗೆ ಬೇಡ. ಟ್ಯಾಂಕಿಗೆ ಒಂದೊಂದು, ದೈತ್ಯ ರೋಬಾಟ್ ಟೈಟಾನ್‌ಗೆ ಮನಸ್ಸು ತುಂಬುವಷ್ಟು. ನಿಮ್ಮ ಆ ಟ್ರಿಪಲ್ ಝೀರೋ ಬ್ರಷ್ಷಿಗೂ ನಾಜೂಕು ಕೈಗೂ ಸರಿಯಾದ ಜಾಗ ಟೈಟಾನ್ ಬೆನ್ನು. ಮೇಜಿನ ಸುತ್ತ ನಿಂತವರೆಲ್ಲ ಮೊದಲು ನೋಡುವುದು ಅದನ್ನೇ. ಅದರ ಕವಚದ ಹಲಗೆಗಳನ್ನು ಅಂಟಿಸುವ ಮೊದಲೇ ಬೇರೆಯಾಗಿ ಪೇಂಟ್ ಮಾಡಿ, ಒಳಗಿನ ಅಸ್ಥಿಪಂಜರಕ್ಕೆ ಲೋಹದ ಬಣ್ಣ ಹಚ್ಚಿ, ಆಮೇಲೆ ಕೂಡಿಸಿ. ಜೋಡಿಸಿಬಿಟ್ಟ ಮೇಲೆ ಆ ಸಂದುಗಳಿಗೆ ಬ್ರಷ್ ಹೋಗುವುದೇ ಇಲ್ಲ.

ಟ್ಯಾಂಕ್‌ಗಳಿಗೆ ಮ್ಯಾಕ್ರಾಗ್ ಬ್ಲೂ ತೆಳ್ಳಗೆ ಎರಡು ಕೋಟ್, ಮೇಲಿನ ಅಂಚುಗಳಿಗೆ ತಿಳಿನೀಲಿ ಡ್ರೈಬ್ರಷ್, ಹಲಗೆಗಳ ಸಂದಿಗೆ ಮಾತ್ರ ನುಲ್ನ್ ಆಯಿಲ್. ಆ ವಾಶನ್ನು ಇಡೀ ಟ್ಯಾಂಕಿಗೆ ಬಳಿಯಬೇಡಿ. ಅದು ಒಳ್ಳೆಯ ವಸ್ತುವೇ, ಆದರೆ ಈ ಗಾತ್ರದಲ್ಲಿ ಎಲ್ಲವನ್ನೂ ಗ್ಯಾರೇಜಿನ ಬಟ್ಟೆಯ ಬಣ್ಣಕ್ಕೆ ತರುತ್ತದೆ.

ಬೇಸ್ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ನನ್ನ ಪ್ರಕಾರ ಅರ್ಧ ಉತ್ತರ ಅಲ್ಲೇ ಇದೆ. ಕಡುಬಣ್ಣದ ಸೈನಿಕ ಕಪ್ಪು ನೆಲದ ಮೇಲೆ ಮಾಯವಾಗುತ್ತಾನೆ. ನೆಲ ತಿಳಿಯಾಗಿರಲಿ, ಅಥವಾ ಬೆಚ್ಚಗಿನ ಬಣ್ಣದ್ದಾಗಿರಲಿ. ಝಾಂಡ್ರಿ ಡಸ್ಟ್ ಹಚ್ಚಿ ಮೇಲೆ ಉಶಾಬ್ಟಿ ಬೋನ್ ಡ್ರೈಬ್ರಷ್ ಮಾಡಿದರೆ ಒಣ ಮರಳುಗಾಡು ಸಿದ್ಧ. ಇಲ್ಲವೇ ನಿಮ್ಮ ಊರಿನದೇ ಮುರಕಲ್ಲು. ಒಂದು ಚೂರು ಜಜ್ಜಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಪುಡಿಯನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ ಫೆವಿಕಾಲ್ ಮೇಲೆ ಉದುರಿಸಿ. ಅನ್ಯಗ್ರಹದ ಕೆಂಪು ನೆಲಕ್ಕೆ ಇದಕ್ಕಿಂತ ಒಳ್ಳೆಯದು ಯಾವ ಕಂಪನಿಯ ಡಬ್ಬಿಯಲ್ಲೂ ಇಲ್ಲ, ನೀಲಿ ಅದರ ಮೇಲೆ ಎದ್ದು ಕಾಣುತ್ತದೆ. ಅಂಟು ಒಣಗಿದ ಮೇಲೆ ಸ್ವಲ್ಪ ಕಪ್ಪಾಗುತ್ತದೆ, ಮೇಲೊಂದು ತಿಳಿ ಕಿತ್ತಳೆ ಡ್ರೈಬ್ರಷ್ ಕೊಡಿ. ಪುಡಿ ಸಣ್ಣಗಿರುವುದು ಮುಖ್ಯ. ಈ ಅಳತೆಯಲ್ಲಿ 1 ಮಿ.ಮೀ. ಕಾಳು ಅಂದರೆ 20 ಸೆಂ.ಮೀ.ಗೂ ದೊಡ್ಡ ಕಲ್ಲು, ಅಂಗಡಿಯಲ್ಲಿ ಸಿಗುವ 2 ಮಿ.ಮೀ. ಹುಲ್ಲು ಅಂಟಿಸಿದರೆ ಸೈನಿಕರು ಭತ್ತದ ಗದ್ದೆಯಲ್ಲಿ ಇಳಿದ ಹಾಗೆ. ಪಣಂಬೂರಿನ ಮರಳು ಇದೆಯಲ್ಲ ಅನ್ನಿಸಿದರೆ, ಸಮುದ್ರದ ಮರಳಿನಲ್ಲಿ ಉಪ್ಪಿರುತ್ತದೆ, ಅದು ಗಾಳಿಯ ತೇವ ಎಳೆದು ಮುಂದೆ ಬಿಳಿ ಬಿಟ್ಟುಕೊಳ್ಳುತ್ತದೆ. ಸಿಹಿನೀರಿನಲ್ಲಿ ನಾಲ್ಕೈದು ಸಲ ತೊಳೆಯದೆ ಬಳಸಬೇಡಿ. ಫೆವಿಕ್ರಿಲ್ ಥರದ ಬಟ್ಟೆ ಬಣ್ಣ ಮನೆಯಲ್ಲಿದ್ದರೆ ಅದಕ್ಕೂ ಜಾಗ ಇಲ್ಲೇ: ಬೇಸ್, ಕಟ್ಟಡ, ಗುಡ್ಡ. ಬೊಂಬೆಗೆ ಅದು ದಪ್ಪ, ಒಣಗಿದ ಮೇಲೂ ರಬ್ಬರಿನ ಹಾಗೆ.

ಬೇಸಿನ ಅಂಚಿಗೆ ತುಕಡಿಗೊಂದರಂತೆ ಚಿಕ್ಕ ಬಣ್ಣದ ಗುರುತು ಇಟ್ಟುಕೊಳ್ಳಿ. ಇದು ಚೆಂದಕ್ಕಲ್ಲ. ಆಟದ ಮಧ್ಯೆ 'ಈ ಬೇಸ್ ಯಾವ ತುಕಡಿಯದು' ಅಂತ ತಮ್ಮನ ಜೊತೆ ಜಗಳ ಆಗಬಾರದಲ್ಲ, ಅದಕ್ಕೆ.

ಒಂದು ಸಲಕ್ಕೆ ಇಡೀ ಸೈನ್ಯ ಎತ್ತಿಕೊಳ್ಳಬೇಡಿ. ನೂರಾರು ನೀಲಿ ತಲೆಗಳು ಅರೆಬರೆಯಾಗಿ ಕಪಾಟಿನಲ್ಲಿ ಕೂತಿದ್ದರೆ ಯಾರಿಗಾದರೂ ಬೇಜಾರಾಗುತ್ತದೆ, ನನ್ನ ಹತ್ತಿರ ಬರುವ ಸೈನ್ಯಗಳಲ್ಲಿ ಎಷ್ಟೋ ಹಾಗೆ ಅರ್ಧಕ್ಕೆ ನಿಂತಂಥವು. ಒಂದು ತುಕಡಿ ಬೇಸ್ ಸಮೇತ ಮುಗಿಸಿ, ಆಮೇಲೆ ಮುಂದಿನದು. ಮಧ್ಯೆ ಮಧ್ಯೆ ಒಂದು ಟ್ಯಾಂಕ್.

ತಮ್ಮ ಬರುವಾಗ ಏನು ತರಿಸಬೇಕು ಅಂತಲೂ ಹೇಳಿಬಿಡುತ್ತೇನೆ. ಸ್ಪ್ರೇ ಕ್ಯಾನ್ ಬೇಡ. ಉರಿಯುವ ಸ್ಪ್ರೇ ಪೇಂಟನ್ನು ವಿಮಾನದಲ್ಲಿ ಕೈಚೀಲದಲ್ಲೂ ಬಿಡುವುದಿಲ್ಲ, ಲಗೇಜಿನಲ್ಲೂ ಬಿಡುವುದಿಲ್ಲ. ನೀರಿನ ಆಧಾರದ ಬಾಟಲಿಗಳು ಪರವಾಗಿಲ್ಲ, ಲಗೇಜಿಗೆ ಹಾಕಲಿ. ಒಂದು ಕಾಂಟ್ರಾಸ್ಟ್ ಮೀಡಿಯಂ, ಬೂದು ಸರ್ಫೇಸ್ ಪ್ರೈಮರ್, ಬ್ರಷ್ಷಿನಲ್ಲಿ ಹಚ್ಚುವ ಮ್ಯಾಟ್ ವಾರ್ನಿಷ್. ವಾರ್ನಿಷ್ ಬಿಡಬೇಡಿ, ಕೈ ಬೆವರುವ ಊರು ನಿಮ್ಮದು, ಬೇಸ್ ಎತ್ತಿ ಎತ್ತಿ ಇಡುವಾಗ ಹೆಲ್ಮೆಟ್ಟಿನ ಬಣ್ಣವೇ ಮೊದಲು ಸವೆಯುತ್ತದೆ. ಅವನು ಬರುವವರೆಗೆ ಕಾಯಬೇಕಿಲ್ಲ. ಆ ಹತ್ತು ಬೇಸ್‌ಗಳ ಡ್ರೈಬ್ರಷ್ ಈ ವಾರವೇ ಮಾಡಿ, ಕಪ್ಪು ಬಿಳುಪು ಫೋಟೋ ಕಳಿಸಿ.